ತಗಡಿನ ಸ್ಟಡ್, ಜಿಪ್ಸಂ ಗೋಡೆ, ಒಳಗೆ ಕರೆಂಟು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಜಿಐ ಸ್ಟಡ್ (ಸತು ಲೇಪಿಸಿದ ತೆಳು ಉಕ್ಕಿನ ಲಂಬ ಕಂಬಿ) ನಿಲ್ಲಿಸಿ ಜಿಪ್ಸಂ ಬೋರ್ಡ್ ಹೊಡೆಯುವ ಪಾರ್ಟಿಷನ್ ಗೋಡೆಗಳ ವೈರಿಂಗ್ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಸ್ಟಡ್‌ಗಳಲ್ಲಿ ಕಾರ್ಖಾನೆಯಿಂದಲೇ ತೂತು ಬಂದಿದೆ. ಕೇಬಲ್‌ಗೆ ಒಳಗೊಂದು, ಹೊರಗೊಂದು ಪಿವಿಸಿ ಪದರವಿದೆ. ಆದರೂ ಪ್ರತಿ ತೂತಿಗೂ ಗ್ರಾಮೆಟ್ (ತೂತಿನ ಅಂಚನ್ನು ಮುಚ್ಚುವ ಪ್ಲಾಸ್ಟಿಕ್ ಅಥವಾ ರಬ್ಬರ್ ಬಳೆ) ಹಾಕಲೇಬೇಕೇ? ಅಂಚಿಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ಸಾಲದೇ?

ಉತ್ತರ: ಹಾಕಲೇಬೇಕು, ಒಂದು ತೂತನ್ನೂ ಬಿಡದೆ. ಟೇಪ್ ಸಾಲದು.

ಒಳಗೋಡೆಗೆ ಬಳಸುವ ಸ್ಟಡ್‌ನ ತಗಡು ಸಾಮಾನ್ಯವಾಗಿ 0.5ರಿಂದ 0.9 ಮಿ.ಮೀ. ದಪ್ಪ. ಪಂಚ್ ಮಾಡಿದ ತೂತಿನ ಒಳಂಚಿಗೆ ಬೆರಳು ತಾಗಿಸಿ ನೋಡಿ: ಒಂದು ಬದಿ ನುಣುಪು, ಇನ್ನೊಂದು ಬದಿ ಸಣ್ಣ ಗರಗಸದಂತೆ ತರಿತರಿ. ಕೇಬಲ್‌ಗೆ ಮೊದಲ ಪೆಟ್ಟು ಬೀಳುವುದು ಎಳೆಯುವಾಗ. 12 ಮೀಟರ್ ಉದ್ದದ ಕೇಬಲನ್ನು ಒಂದು ತುದಿಯಿಂದ ಎಳೆದರೆ ಮೊದಲ ಸ್ಟಡ್‌ನ ಅಂಚಿನ ಮೇಲೆ ಹೆಚ್ಚು ಕಡಿಮೆ ಇಡೀ 12 ಮೀಟರ್ ಉಜ್ಜಿಕೊಂಡೇ ಸಾಗುತ್ತದೆ. ಕೇಬಲ್ ತಿರುವಿನಲ್ಲಿ ಬಿಗಿಯಾದಲ್ಲಿ ಹೊರಕವಚದಲ್ಲಿ ಉದ್ದುದ್ದ ಗೀರು ಬೀಳುತ್ತದೆ.

ಎರಡನೆಯ ಪೆಟ್ಟು ನಿಧಾನದ್ದು. ಒಂದೇ ಜಾಗದಲ್ಲಿ ಸತತ ಒತ್ತಡ ಬಿದ್ದರೆ ಪಿವಿಸಿ ಮೆಲ್ಲಗೆ ಸರಿದು ತೆಳ್ಳಗಾಗುತ್ತದೆ, ಬಿಸಿಯಾದಾಗ ಇನ್ನೂ ಬೇಗ. ಲೋಡ್ ಏರಿದಾಗ ಕೇಬಲ್ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಬಾಗಿಲು ಬಡಿದಾಗಲೆಲ್ಲ ಗೋಡೆ ಅದುರುತ್ತದೆ. ಇಷ್ಟೂ ಆಗುವುದು ಅರ್ಧ ಮಿಲಿಮೀಟರ್ ಅಗಲದ ಅಂಚಿನ ಮೇಲೆ. ಹೊರಕವಚ ಹೋದ ಮೇಲೆ ಒಳಕವಚದ ಸರದಿ. ಕೆಲಸ ಮುಗಿದ ದಿನ ಎಲ್ಲವೂ ಸರಿಯಾಗಿ ಓಡಿ, ದೋಷ ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಟೇಪ್ ಕೂಡ ಪಿವಿಸಿಯೇ, ಅದೂ ಬಹಳ ತೆಳ್ಳಗಿನದು. ಸೆಕೆಗೆ ಅಂಟು ಮೆತ್ತಗಾಗಿ ಜಾರುತ್ತದೆ. ಅಂಚು ಕೇಬಲ್ಲನ್ನು ಕೊರೆಯುವ ಮುಂಚೆ ಟೇಪನ್ನು ಕೊರೆಯುತ್ತದೆ, ಅಷ್ಟೇ ವ್ಯತ್ಯಾಸ. ಸಿಲಿಕೋನ್ ಹಚ್ಚುವುದೂ ಇಂಥದ್ದೇ ತೇಪೆ ಕೆಲಸ.

ಗ್ರಾಮೆಟ್ ಕೊಳ್ಳುವಾಗ ಎರಡು ಅಳತೆ ಬೇಕು: ತೂತಿನ ವ್ಯಾಸ ಮತ್ತು ತಗಡಿನ ದಪ್ಪ. ತೂತಿಗೆ ಒತ್ತಿದಾಗ ‘ಟಕ್’ ಎಂದು ಕೂತು, ಬೆರಳಲ್ಲಿ ಎಳೆದರೆ ಬರಬಾರದು. ಸಡಿಲವಾಗಿದ್ದರೆ ಕೇಬಲ್ ಎಳೆಯುವಾಗ ಅದರ ಜೊತೆಗೇ ಜಾರಿ ಎರಡು ಸ್ಟಡ್‌ಗಳ ನಡುವೆ ನೇತಾಡುತ್ತಿರುತ್ತದೆ. ಅದಕ್ಕೇ ಎಳೆದು ಮುಗಿದ ಮೇಲೆ ಪ್ರತಿ ಸ್ಟಡ್ ಹತ್ತಿರ ಹೋಗಿ ಮತ್ತೊಮ್ಮೆ ನೋಡಬೇಕು. ತೂತು ಗುಂಡಗಿಲ್ಲದಿದ್ದರೆ ಉದ್ದನೆಯ ಹಲ್ಲಿನ ಗ್ರಾಮೆಟ್ ಪಟ್ಟಿ ಸಿಗುತ್ತದೆ. ಅದನ್ನು ಅಂಚಿನ ಪೂರ್ತಿ ಸುತ್ತಳತೆಗೆ ಕತ್ತರಿಸಿ ಕೂರಿಸಿ. ಪಟ್ಟಿಯ ಎರಡು ತುದಿ ಕೂಡುವ ಜಾಗ ತೂತಿನ ಮೇಲ್ಭಾಗಕ್ಕೆ ಬರಲಿ. ಕೇಬಲ್ ಕೂರುವ ಕೆಳಭಾಗದಲ್ಲಿ ಸಂದು ಇರಬಾರದು.

ಅಮೆರಿಕದ ವಿದ್ಯುತ್ ವೈರಿಂಗ್ ನಿಯಮಾವಳಿಯಾದ ಎನ್‌ಇಸಿ ಇದನ್ನು ಸ್ಪಷ್ಟವಾಗಿ ಬರೆದಿದೆ: ಲೋಹದ ಸ್ಟಡ್‌ನಲ್ಲಿ ಹಾಯುವ ಪ್ಲಾಸ್ಟಿಕ್ ಹೊದಿಕೆಯ ಕೇಬಲ್‌ಗೆ ತೂತಿನ ಎಲ್ಲ ಅಂಚನ್ನೂ ಮುಚ್ಚುವ ಗ್ರಾಮೆಟ್ ಬೇಕು, ಅದನ್ನು ಕೇಬಲ್ ಎಳೆಯುವ ಮೊದಲೇ ಕೂರಿಸಿರಬೇಕು. ಈ ‘ಮೊದಲೇ’ ಎಂಬ ಮಾತು ಮುಖ್ಯ. ಎಳೆದಾದ ಮೇಲೆ ಹಾಕಿದ ಗ್ರಾಮೆಟ್ ಆಗಲೇ ಬಿದ್ದ ಗೀರನ್ನು ಮುಚ್ಚಿಡುತ್ತದೆ.

ಪ್ರಶ್ನೆ: ಕಾರ್ಖಾನೆಯ ತೂತು ನಮಗೆ ಬೇಕಾದ ಎತ್ತರದಲ್ಲಿಲ್ಲ. ಸೈಟಿನಲ್ಲೇ ಹೊಸ ತೂತು ಹಾಕಬಹುದೇ?

ಉತ್ತರ: ಸ್ಟಡ್‌ನ ನಡುವಿನ ಚಪ್ಪಟೆ ಭಾಗದಲ್ಲಿ, ಅಗಲದ ಸರಿ ಮಧ್ಯಕ್ಕೆ ಹಾಕಬಹುದು. ಬೋರ್ಡ್ ಕೂರುವ ಪಕ್ಕದ ಮಡಿಕೆಗಳನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಸ್ಟಡ್‌ನ ಬಲವೆಲ್ಲ ಆ ಮಡಿಕೆಯಲ್ಲೇ ಇರುವುದು. ಎಷ್ಟು ದೊಡ್ಡ ತೂತು, ತುದಿಯಿಂದ ಎಷ್ಟು ದೂರ ಎನ್ನುವುದನ್ನು ಸ್ಟಡ್ ತಯಾರಕರ ಹಾಳೆಯಲ್ಲಿ ನೋಡಿಕೊಳ್ಳಿ. ಸ್ಟೆಪ್ ಡ್ರಿಲ್ ಬಿಟ್ ಅಥವಾ ಸ್ಟಡ್ ಪಂಚ್ ಬಳಸಿದರೆ ತೂತು ಗುಂಡಗೆ ಬಂದು ಗ್ರಾಮೆಟ್ ಸರಿಯಾಗಿ ಕಚ್ಚುತ್ತದೆ. ತಗಡು ಕತ್ತರಿಯಲ್ಲಿ ಕತ್ತರಿಸಿ ಮಡಚಿದ ತೂತಿಗೆ ಗ್ರಾಮೆಟ್ ನಿಲ್ಲುವುದಿಲ್ಲ. ತೂತು ಹಾಕಿದ ಮೇಲೆ ಗುಂಡು ಅರದಿಂದ ಎರಡೂ ಬದಿ ಉಜ್ಜಿ. ಕೆಳಗಿನ ಚಾನಲ್‌ನಲ್ಲಿ (ಸ್ಟಡ್‌ಗಳ ತುದಿ ಕೂರುವ ತಗಡಿನ ಪಟ್ಟಿ) ಬಿದ್ದ ಲೋಹದ ಚೂರುಗಳನ್ನು ಗುಡಿಸಿ ತೆಗೆಯಿರಿ, ಕೇಬಲ್ ಅಲ್ಲಿಗೆ ಇಳಿಯುವುದಿದ್ದರೆ ಅವೂ ಕೊರೆಯುತ್ತವೆ. ಎಲ್ಲ ಸ್ಟಡ್‌ಗಳ ತೂತೂ ಒಂದೇ ಮಟ್ಟದಲ್ಲಿರಲಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕೇಬಲ್ ಪ್ರತಿ ಅಂಚಿಗೂ ಬಿಗಿದುಕೊಳ್ಳುತ್ತದೆ.

ಪ್ರಶ್ನೆ: ನಮ್ಮದು 50 ಮಿ.ಮೀ. ಸ್ಟಡ್. ಬೋರ್ಡ್ ಹೊಡೆಯುವಾಗ ಸ್ಕ್ರೂ ಕೇಬಲ್‌ಗೆ ತಾಗುತ್ತದೆ ಎಂದು ಹೆದರಿಕೆ. ಕೇಬಲನ್ನು ಎಲ್ಲಿ ಒಯ್ಯಬೇಕು?

ಉತ್ತರ: ಹೆದರಿಕೆಗೆ ಕಾರಣವಿದೆ. ಲೆಕ್ಕ ಹಾಕಿ ನೋಡೋಣ.

ಬೋರ್ಡ್ 12.5 ಮಿ.ಮೀ., ಸ್ಕ್ರೂ 25 ಮಿ.ಮೀ. ಎಂದುಕೊಳ್ಳಿ. ಸ್ಕ್ರೂ ತುದಿ ಸ್ಟಡ್‌ನ ಹೊರಮೈಯಿಂದ 12.5 ಮಿ.ಮೀ. ಒಳಗೆ ನಿಲ್ಲುತ್ತದೆ. ಎರಡೂ ಬದಿ ಬೋರ್ಡ್ ಇದೆ, ಹಾಗಾಗಿ 50ರಲ್ಲಿ 25 ಕಳೆದು ಉಳಿಯುವುದು ನಡುವಿನ 25 ಮಿ.ಮೀ. ಮಾತ್ರ. ಸ್ಕ್ರೂಗಳು 300 ಮಿ.ಮೀ.ಗೊಂದರಂತೆ ಬೀಳುತ್ತವೆ, 2.4 ಮೀಟರ್ ಎತ್ತರದ ಒಂದು ಸ್ಟಡ್‌ಗೆ ಎರಡೂ ಬದಿ ಸೇರಿ ಸುಮಾರು 18. ಈಗ ತೂತಿನ ಕಡೆ ನೋಡಿ. 35 ಮಿ.ಮೀ. ತೂತಾದರೆ ಅದರ ಅಂಚು ಸ್ಟಡ್‌ನ ಹೊರಮೈಯಿಂದ 7.5 ಮಿ.ಮೀ.ಗೆ ಬಂದುಬಿಡುತ್ತದೆ. ಕೇಬಲ್ ಆ ಅಂಚಿಗೆ ಒರಗಿದರೆ ಸ್ಕ್ರೂ ತುದಿ ಅದರ ಮೈಗೇ ಬರುತ್ತದೆ. ಆದ್ದರಿಂದ 50 ಮಿ.ಮೀ. ಸ್ಟಡ್‌ನಲ್ಲಿ ಒಳಗಿಂಡಿ ಸಣ್ಣದಾಗಿರುವ, ಕೇಬಲನ್ನು ನಡುವೆ ಹಿಡಿದಿಡುವ ಗ್ರಾಮೆಟ್ಟೇ ಬೇಕು. 75 ಮಿ.ಮೀ. ಸ್ಟಡ್ ಆದರೆ ನಡುವೆ 50 ಮಿ.ಮೀ. ಸಿಗುತ್ತದೆ. ಗೋಡೆ ಇನ್ನೂ ನಕ್ಷೆಯಲ್ಲೇ ಇದ್ದರೆ, ವೈರಿಂಗ್ ಇರುವ ಗೋಡೆಗಳಿಗೆ 75 ಮಿ.ಮೀ. ಆರಿಸಿ ಎನ್ನುವುದು ನಮ್ಮ ಸಲಹೆ.

ಎರಡು ಪದರ ಬೋರ್ಡ್ ಇದ್ದಾಗ ಹೊರಪದರಕ್ಕೆ 35 ಮಿ.ಮೀ. ಸ್ಕ್ರೂ, ಅದು ಸ್ಟಡ್ ಒಳಗೆ ಹೋಗುವುದು 10 ಮಿ.ಮೀ. ಅಷ್ಟೇ. ಆದರೆ ಪೆಟ್ಟಿಗೆಯಲ್ಲಿ 25 ಮುಗಿಯಿತೆಂದು ಒಂಟಿ ಪದರಕ್ಕೂ 35ರ ಸ್ಕ್ರೂ ಹೊಡೆದರೆ ತುದಿ 22.5 ಮಿ.ಮೀ. ಒಳಗೆ ಬರುತ್ತದೆ. 50ರ ಸ್ಟಡ್‌ನಲ್ಲಿ ಅದು ನಡುಮಧ್ಯ. ಬೋರ್ಡ್ ಹೊಡೆಯುವವರಿಗೆ ಸ್ಕ್ರೂ ಉದ್ದವನ್ನು ಬರೆದು ಕೊಡುವುದು ವೈರಿಂಗ್ ಮಾಡುವವರ ಕೆಲಸವೇ ಎಂದು ತಿಳಿಯಿರಿ.

ಅಡ್ಡ ಹಾಯುವ ಕೇಬಲ್‌ಗಿಂತ ನೇರ ಕೆಳಗಿಳಿಯುವ ಕೇಬಲ್‌ಗೆ ಅಪಾಯ ಹೆಚ್ಚು. ಸ್ಟಡ್‌ನ ಆಕಾರ ‘ಸಿ’ ಅಕ್ಷರದಂತೆ. ಕೇಬಲನ್ನು ಆ ಸಿ ಒಳಗಿನ ಗೂಡಿನಲ್ಲಿ ಇಳಿಸಿದರೆ ಉದ್ದಕ್ಕೂ ಸ್ಕ್ರೂ ಸಾಲು ಅದರ ಎದುರಿಗೇ ಇರುತ್ತದೆ. ಸಿ ಬೆನ್ನಿನ ಕಡೆಗೆ, ಚಪ್ಪಟೆ ಮೈಯ ಮಧ್ಯಕ್ಕೆ ಕ್ಲಿಪ್ ಹಾಕಿ ಇಳಿಸಿ: ಆಗ ಆ ಸ್ಟಡ್‌ನ ಸ್ಕ್ರೂಗಳೆಲ್ಲ ತಗಡಿನ ಆಚೆ ಉಳಿಯುತ್ತವೆ. ಎನ್‌ಇಸಿ ಪ್ರಕಾರ ಫ್ರೇಮ್ ಉದ್ದಕ್ಕೆ ಹೋಗುವ ಕೇಬಲ್, ಸ್ಕ್ರೂ ಬೀಳುವ ಅಂಚಿನಿಂದ ಕನಿಷ್ಠ 32 ಮಿ.ಮೀ. ದೂರವಿರಬೇಕು. ಅಷ್ಟು ಸಿಗದ ಕಡೆ, ಸ್ಕ್ರೂ ತಾಗುವ ಸಂಭವವಿರುವ ಕಡೆ ಕನಿಷ್ಠ 1.6 ಮಿ.ಮೀ. ದಪ್ಪದ ಉಕ್ಕಿನ ರಕ್ಷಣಾ ತಗಡನ್ನು ಸ್ಟಡ್‌ನ ಮುಖಕ್ಕೆ ಹಾಕಬೇಕು. 50ರ ಸ್ಟಡ್‌ನಲ್ಲಿ 32 ಯಾವ ಬದಿಯಿಂದಲೂ ಸಿಗುವುದಿಲ್ಲ, ಆದ್ದರಿಂದ ಎರಡೂ ಮುಖಕ್ಕೆ ತಗಡು.

ಈ ತಗಡಿನ ಬಗ್ಗೆ ಒಂದು ಎಚ್ಚರಿಕೆ. ಚೂಪು ತುದಿಯ ಮಾಮೂಲಿ ಬೋರ್ಡ್ ಸ್ಕ್ರೂ 1.6 ಮಿ.ಮೀ. ಉಕ್ಕಿನ ಮೇಲೆ ಜಾರಿ ನಿಲ್ಲುತ್ತದೆ. ಡ್ರಿಲ್ ತುದಿಯ ಸ್ಕ್ರೂ ಮಾತ್ರ ಅದನ್ನೂ ಕೊರೆದು ಹೋಗುತ್ತದೆ, ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ಸ್ಕ್ರೂ ಎಂದಿನಂತೆ ಇಳಿಯದೆ ತಿರುಗುತ್ತಾ ನಿಂತರೆ ಅಲ್ಲಿ ಬಲ ಹಾಕಬಾರದು, ಪಕ್ಕಕ್ಕೆ ಸರಿಯಬೇಕು ಎಂದು ಬೋರ್ಡ್ ಹೊಡೆಯುವವರಿಗೆ ಹೇಳಿರಿ.

ಪ್ರಶ್ನೆ: ನಾವು ಒಂಟಿ ವೈರ್‌ಗಳನ್ನು ಪಿವಿಸಿ ಪೈಪಿನಲ್ಲಿ ಎಳೆಯುತ್ತೇವೆ. ಆಗಲೂ ಇದೆಲ್ಲ ಬೇಕೇ?

ಉತ್ತರ: ಪೈಪ್ ಗಟ್ಟಿಯಾಗಿದ್ದು, ಒಂದು ಬಾಕ್ಸಿನಿಂದ ಇನ್ನೊಂದು ಬಾಕ್ಸಿನವರೆಗೆ ಎಲ್ಲೂ ಬಿಡದೆ ಹೋಗಿದ್ದರೆ ತಗಡಿನ ಅಂಚಿನಿಂದ ವೈರ್‌ಗೆ ರಕ್ಷಣೆ ಸಿಕ್ಕಿತು. ಎಡವಟ್ಟಾಗುವುದು ಪೈಪ್ ಅರ್ಧಕ್ಕೆ ನಿಂತಾಗ: ಬಾಕ್ಸ್ ಹತ್ತಿರದ ಕೊನೆಯ ಒಂದು ಸ್ಟಡ್‌ನಲ್ಲಿ ಪೈಪ್ ತಿರುಗಲಿಲ್ಲವೆಂದು ವೈರನ್ನು ಬರಿದೇ ತೂರಿಸುತ್ತಾರೆ. ಒಂಟಿ ವೈರ್‌ಗೆ ಇರುವುದು ಒಂದೇ ಪದರ. ಅದು ಹರಿದರೆ ತಾಮ್ರವೇ ತಗಡಿಗೆ ತಾಗುತ್ತದೆ. ಅಂಥ ಜಾಗದಲ್ಲಿ ಬಾಗುವ ಪೈಪ್ ತುಂಡು ಹಾಕಿ, ಎರಡೂ ಕಡೆ ಸರಿಯಾದ ಜೋಡಣೆ ಕೊಡಿ, ಮತ್ತು ಆ ತೂತಿಗೆ ಗ್ರಾಮೆಟ್ ಹಾಕಿ. ಬಾಗುವ ಪೈಪ್ ಮೆತ್ತಗಿದ್ದು ತಾನೇ ಸವೆಯುತ್ತದೆ.

ಸ್ಕ್ರೂ ವಿಷಯದಲ್ಲಿ ಪಿವಿಸಿ ಪೈಪನ್ನು ನಂಬಬೇಡಿ. ಸ್ಟಡ್‌ನ ಉಕ್ಕನ್ನೇ ಕೊರೆದು ಬಂದ ಸ್ಕ್ರೂಗೆ ಅದು ಅಡ್ಡಿಯೇ ಅಲ್ಲ. 20 ಅಥವಾ 25 ಮಿ.ಮೀ. ಪೈಪ್ ಜಾಗವನ್ನೂ ಹೆಚ್ಚು ತಿನ್ನುತ್ತದೆ: 50ರ ಸ್ಟಡ್‌ನ ನಡುವಿನ 25 ಮಿ.ಮೀ.ಯಲ್ಲಿ 25ರ ಪೈಪ್ ಎಂದರೆ ಎರಡೂ ಕಡೆ ಸ್ಕ್ರೂ ತುದಿ ಅದಕ್ಕೆ ತಾಗಿಕೊಂಡೇ ಇರುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಒಂದು ಸರ್ಕ್ಯೂಟಿನ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಒಂದೇ ತೂತಿನಲ್ಲಿ ಹೋಗಬೇಕು. ಫೇಸ್ ಒಂದು ತೂತಿನಲ್ಲಿ, ನ್ಯೂಟ್ರಲ್ ಪಕ್ಕದ ತೂತಿನಲ್ಲಿ ಹೋದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ರದ್ದು ಮಾಡುವುದಿಲ್ಲ. ತೂತಿನ ಸುತ್ತಲಿನ ಉಕ್ಕಿನಲ್ಲಿ ಸುಳಿ ಪ್ರವಾಹ ಹುಟ್ಟಿ, ಕರೆಂಟು ಹೆಚ್ಚಿರುವ ಸರ್ಕ್ಯೂಟುಗಳಲ್ಲಿ ತಗಡು ಬಿಸಿಯಾಗುತ್ತದೆ.

ಪ್ರಶ್ನೆ: ಫೇಸ್ ವೈರ್ ಸ್ಟಡ್‌ಗೆ ತಾಗಿದರೆ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್) ಬೀಳುತ್ತದಲ್ಲ? ಇಡೀ ಫ್ರೇಮಿಗೆ ಅರ್ಥಿಂಗ್ ಕೊಟ್ಟುಬಿಟ್ಟರೆ ಗ್ರಾಮೆಟ್ಟಿನ ತಲೆನೋವೇ ಇರುವುದಿಲ್ಲವಲ್ಲ?

ಉತ್ತರ: ಎಂಸಿಬಿ ಬೀಳುತ್ತದೆ ಎನ್ನುವ ಭರವಸೆ ಇಲ್ಲ. ಫೇಸ್ ಮಾತ್ರ ತಗಡಿಗೆ ತಾಗಿದೆ, ತಗಡಿಗೆ ಅರ್ಥ್ ಇಲ್ಲ ಎಂದರೆ ಕರೆಂಟು ಹರಿಯಲು ದಾರಿಯೇ ಇಲ್ಲ. ಸ್ಟಡ್‌ಗಳೆಲ್ಲ ಮೇಲಿನ ಕೆಳಗಿನ ಚಾನಲ್‌ಗೆ ಕೂಡಿಕೊಂಡಿರುವುದರಿಂದ ಇಡೀ ಗೋಡೆಯ ಅಸ್ಥಿಪಂಜರವೇ 230 ವೋಲ್ಟ್‌ನಲ್ಲಿ ಸುಮ್ಮನೆ ನಿಂತಿರುತ್ತದೆ, ಜೊತೆಗೆ ಅದಕ್ಕೆ ಸ್ಕ್ರೂ ಹೊಡೆದ ಲೋಹದ ಬಾಗಿಲ ಚೌಕಟ್ಟು, ಕಪಾಟಿನ ಬ್ರಾಕೆಟ್ ಕೂಡ. ಚಾನಲ್ ಕೆಳಗೆ ಶಬ್ದ ತಡೆಯುವ ಫೋಮ್ ಪಟ್ಟಿ ಹಾಕಿದ್ದರೆ ನೆಲದ ಸಂಪರ್ಕವೂ ಕಡಿದುಹೋಗಿರುತ್ತದೆ. ಅದನ್ನು ಮುಟ್ಟಿದ ಮನುಷ್ಯನ ದೇಹದ ಪ್ರತಿರೋಧ 1000 ಓಮ್ ಎಂದುಕೊಂಡರೆ ಹರಿಯುವುದು 0.23 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ, ಮನುಷ್ಯನ ಜೀವಕ್ಕೆ ಅದು ಸಾಕು.

ಇಲ್ಲಿ ಕಾಯುವುದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡರೆ ಕಡಿಯುವ ಸ್ವಿಚ್. 0.23 ಆಂಪಿಯರ್ ಅದರ ಮಿತಿಯ ಐದು ಪಟ್ಟಿಗಿಂತ ಹೆಚ್ಚು. ಅಷ್ಟಾದಾಗ ಅದು 40 ಮಿಲಿ ಸೆಕೆಂಡಿನೊಳಗೆ ಕಡಿಯಬೇಕು. ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671, ಇಟ್ಟಿಗೆ ಗೋಡೆಯಲ್ಲಿ ಕೇಬಲ್ 50 ಮಿ.ಮೀ.ಗಿಂತ ಆಳದಲ್ಲಿದ್ದರೆ ಕೊಡುವ ವಿನಾಯಿತಿಯನ್ನು ಲೋಹದ ಸ್ಟಡ್ ಗೋಡೆಗೆ ಕೊಡುವುದಿಲ್ಲ. ಆಳ ಎಷ್ಟೇ ಇರಲಿ, ಅರ್ಥ್ ಆದ ಲೋಹದ ಹೊದಿಕೆಯೋ ಲೋಹದ ಪೈಪೋ ಇಲ್ಲದ ಕೇಬಲ್‌ಗೆ 30 ಮಿಲಿ ಆಂಪಿಯರ್ ಆರ್‌ಸಿಡಿ (ಆರ್‌ಸಿಸಿಬಿಯಂಥ ಸಾಧನಗಳ ಒಟ್ಟು ಹೆಸರು) ಬೇಕೇ ಬೇಕು. ಹಾಗಿದ್ದರೂ ನೆನಪಿಡಿ, ಅರ್ಥ್ ಇಲ್ಲದ ಫ್ರೇಮಿನಲ್ಲಿ ಆರ್‌ಸಿಸಿಬಿ ಬೀಳುವುದು ಯಾರಾದರೂ ಮುಟ್ಟಿದಾಗಲೇ.

ಇನ್ನು ಫ್ರೇಮಿಗೆ ಅರ್ಥಿಂಗ್. ಕೊಟ್ಟರೆ ದೋಷವಾದಾಗ ಬೇಗ ಕಡಿಯುತ್ತದೆ, ನಿಜ. ಆದರೆ ಸ್ಟಡ್ ಚಾನಲ್‌ಗೆ ಎಷ್ಟೋ ಕಡೆ ಬರೀ ಒತ್ತಿ ಕೂತಿರುತ್ತದೆ. ಒಂದು ತುದಿಗೆ ಅರ್ಥ್ ವೈರ್ ಕಟ್ಟಿದರೆ ಕೊನೆಯ ಸ್ಟಡ್‌ವರೆಗೂ ಗಟ್ಟಿ ಸಂಪರ್ಕವಿದೆ ಎನ್ನಲಾಗದು. ಲೋಹದ ಸ್ವಿಚ್ ಬಾಕ್ಸನ್ನು ಅರ್ಥ್ ಮಾಡಲೇಬೇಕು, ಅದರ ಮೂಲಕ ಸ್ಟಡ್‌ಗೂ ಒಂದಿಷ್ಟು ಸಂಪರ್ಕ ಬರುತ್ತದೆ. ಅದನ್ನು ರಕ್ಷಣೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಅರ್ಥಿಂಗ್ ಗಾಯವಾದ ಮೇಲಿನ ಮದ್ದು. ಗ್ರಾಮೆಟ್ ಇರುವುದು ಗಾಯವೇ ಆಗದಿರಲೆಂದು.

ಪ್ರಶ್ನೆ: ಬೋರ್ಡ್ ಮುಚ್ಚುವ ಮುಂಚೆ ಮೆಗ್ಗರ್ (ಇನ್ಸುಲೇಷನ್ನಿನ ಪ್ರತಿರೋಧ ಅಳೆಯುವ ಯಂತ್ರ) ಹಿಡಿದು ನೋಡಿದೆವು, ಫೇಸ್–ಅರ್ಥ್ ನಡುವೆ ರೀಡಿಂಗ್ ಚೆನ್ನಾಗಿತ್ತು. ಆದರೂ ಮುಚ್ಚಿದ ಮೇಲೆ ಗೋಡೆಯ ಸ್ಕ್ರೂ ಮುಟ್ಟಿದರೆ ಟೆಸ್ಟರ್ ಉರಿಯುತ್ತಿದೆ. ಹೇಗೆ ಸಾಧ್ಯ?

ಉತ್ತರ: ಮೊದಲು ಮೇನ್ ಆಫ್ ಮಾಡಿ. ತಗಡಿಗೆ ಕೇಬಲ್ಲಿನ ಪಕ್ಕದಿಂದ ಹಾಯುವ ಸಣ್ಣ ಪ್ರೇರಿತ ವೋಲ್ಟೇಜಿಗೂ ನಿಯಾನ್ ಟೆಸ್ಟರ್ ಮಂಕಾಗಿ ಉರಿಯುತ್ತದೆ. ಹಾಗೆಂದು ಊಹಿಸಿ ಸುಮ್ಮನಾಗಬೇಡಿ, ಅಳೆದು ನೋಡಿ.

ನಿಮ್ಮ ಪರೀಕ್ಷೆಯಲ್ಲಿ ಎರಡು ಲೋಪ. ಒಂದು, ಬೋರ್ಡ್ ಹೊಡೆದ ಮೇಲೆ ಮತ್ತೆ ಅಳೆಯಲಿಲ್ಲ. ಸ್ಕ್ರೂ ಗಾಯವಾಗುವುದೇ ಆಗ. ಎರಡು, ಮತ್ತು ಇದು ದೊಡ್ಡದು: ಕೇಬಲ್ಲಿನ ತಂತಿಗಳ ನಡುವೆ ಅಳೆದಿರಿ, ತಗಡಿಗೆ ಅಳೆಯಲಿಲ್ಲ. ಸ್ಕ್ರೂ ಅಥವಾ ಅಂಚು ಫೇಸ್ ತಂತಿಯನ್ನು ಮಾತ್ರ ಮುಟ್ಟಿದ್ದರೆ ಪಕ್ಕದ ಅರ್ಥ್ ತಂತಿಗೆ ಏನೂ ಆಗಿರುವುದಿಲ್ಲ. ಫೇಸ್–ಅರ್ಥ್ ರೀಡಿಂಗ್ ನೂರಾರು ಮೆಗಾ ಓಮ್ ತೋರಿಸುತ್ತದೆ, ಅದೇ ಹೊತ್ತಿಗೆ ಫೇಸ್ ಮತ್ತು ಸ್ಟಡ್ ನಡುವೆ ಸೊನ್ನೆ.

ಸರಿಯಾದ ಕ್ರಮ ಹೀಗೆ. ಸರಬರಾಜು ಕಡಿದು, ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಎಲ್‌ಇಡಿ ಡ್ರೈವರ್, ಡಿಮ್ಮರ್, ಸರ್ಜ್ ರಕ್ಷಕ ಎಲ್ಲವನ್ನೂ ಬಿಡಿಸಿ, ಇಲ್ಲದಿದ್ದರೆ 500 ವೋಲ್ಟ್‌ಗೆ ಅವು ಹಾಳಾಗಬಹುದು ಅಥವಾ ರೀಡಿಂಗ್ ತಪ್ಪು ಬರಬಹುದು. ಮೊದಲು ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಅಳೆಯಿರಿ. ಆಮೇಲೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಹೆಣೆದು ಮೆಗ್ಗರಿನ ಒಂದು ಕ್ಲಿಪ್‌ಗೆ, ಇನ್ನೊಂದು ಕ್ಲಿಪ್ಪನ್ನು ಬರಿ ಸ್ಟಡ್‌ಗೆ ಕಚ್ಚಿಸಿ 500 ವೋಲ್ಟ್ ಡಿಸಿಯಲ್ಲಿ ಅಳೆಯಿರಿ. ಲೋಹದ ಬಾಕ್ಸುಗಳಿಗೆ ಅರ್ಥ್ ಜೋಡಿಸುವ ಮುಂಚೆಯಾದರೆ ಅರ್ಥ್ ತಂತಿಯನ್ನೂ ತಗಡಿಗೆ ಅಳೆಯಬಹುದು. ಜೋಡಿಸಿದ ಮೇಲೆ ಅಲ್ಲಿ ಸೊನ್ನೆ ಬರುವುದು ಸಹಜ, ಅದು ದೋಷವಲ್ಲ. ಸ್ಟಡ್‌ಗಳು ಒಂದಕ್ಕೊಂದು ಕೂಡಿಲ್ಲವೆಂಬ ಅನುಮಾನವಿದ್ದರೆ ದಾರಿಯಲ್ಲಿರುವ ಪ್ರತಿ ಸ್ಟಡ್‌ಗೂ ಕ್ಲಿಪ್ ಬದಲಿಸಿ.

ಅಂತರರಾಷ್ಟ್ರೀಯ ಐಇಸಿ ಮಾನದಂಡ ಹೇಳುವ ಕನಿಷ್ಠ 1 ಮೆಗಾ ಓಮ್. ಆದರೆ ಹೊಸ ಕೇಬಲ್ ನೂರಾರು ಮೆಗಾ ಓಮ್ ತೋರಿಸಬೇಕು. 3–4 ಬಂತೆಂದರೆ ‘ಪಾಸು’ ಎಂದು ಬಿಡಬೇಡಿ, ಎಲ್ಲೋ ಏನೋ ಆಗಿದೆ. ಬೋರ್ಡ್‌ಗೆ ಮುಂಚಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಬೋರ್ಡ್ ಹೊಡೆದ ಮೇಲೆ, ಪುಟ್ಟಿ ಹಚ್ಚುವ ಮುಂಚೆ ಮತ್ತೆ ಅಳೆದು ಹೋಲಿಸಿ.

ರೀಡಿಂಗ್ ಬಿದ್ದಿದ್ದರೆ ಕೇಬಲ್ ಹಾದಿಯಲ್ಲಿರುವ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿ ಸಲ ಅಳೆಯಿರಿ. ಮೆಗ್ಗರ್ ಒತ್ತಿರುವಾಗ ಯಾವುದನ್ನೂ ಮುಟ್ಟಬೇಡಿ. ಒಂದು ಸ್ಕ್ರೂ ಹೊರಬಂದೊಡನೆ ರೀಡಿಂಗ್ ಏರಿತು ಎಂದರೆ ಗಾಯದ ಜಾಗ ಸಿಕ್ಕಿತು ಎಂದಷ್ಟೇ ಅರ್ಥ. ಕೇಬಲ್ ಸರಿಹೋಯಿತೆಂದಲ್ಲ. ಆ ತುಂಡನ್ನು ಬದಲಿಸಲೇಬೇಕು. ಗೋಡೆಯೊಳಗೆ ಟೇಪ್ ಸುತ್ತಿದ ಜೋಡಣೆ ಬಿಡಬಾರದು; ಬದಲಿಸಲಾಗದಿದ್ದರೆ ಮುಚ್ಚಳ ತೆಗೆದು ನೋಡಬಹುದಾದ ಜಂಕ್ಷನ್ ಬಾಕ್ಸ್ ಇಡಿ.

ಮೆಗ್ಗರಿಗೂ ಒಂದು ಮಿತಿ ಇದೆ. ಹೊರಕವಚ ಮಾತ್ರ ಹರಿದು ಒಳಪದರ ಉಳಿದಿದ್ದರೆ ಅದು ಏನೂ ಹೇಳುವುದಿಲ್ಲ. ಅದನ್ನು ಹಿಡಿಯಲು ಟಾರ್ಚ್ ಹಿಡಿದು ಕಣ್ಣಿಂದಲೇ ನೋಡಬೇಕು.

ಪ್ರಶ್ನೆ: ಗೋಡೆ ಮುಚ್ಚಿ ಬಣ್ಣವೂ ಆಗಿದೆ. ಗ್ರಾಮೆಟ್ ಹಾಕಿಲ್ಲವೆಂದು ಈಗ ತಿಳಿಯಿತು. ಎಲ್ಲ ಒಡೆಯಬೇಕೇ?

ಉತ್ತರ: ಎಲ್ಲ ಬೇಡ, ಆದರೆ ಬಿಡುವುದೂ ಸರಿಯಲ್ಲ. ಮೊದಲು ಮೇಲೆ ಹೇಳಿದಂತೆ ತಗಡಿಗೆ ಅಳೆದು ನೋಡಿ, ಆ ಸರ್ಕ್ಯೂಟ್ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಿಂದೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಸ್ಟಡ್ ಎಲ್ಲಿದೆ ಎಂದು ತಿಳಿಯಲು ಬಲವಾದ ಸಣ್ಣ ಅಯಸ್ಕಾಂತ ಸಾಕು, ಸ್ಕ್ರೂ ತಲೆಗೆ ಅಂಟುತ್ತದೆ. ಕೇಬಲ್ ಅಡ್ಡ ಹಾಯುವ ಎತ್ತರದಲ್ಲಿ ಪ್ರತಿ ಸ್ಟಡ್ ಪಕ್ಕ, ಸಿ ಬಾಯಿಯ ಕಡೆಗೆ, ಸುಮಾರು 150 ಮಿ.ಮೀ. ಚೌಕದ ಕಿಟಕಿ ಕತ್ತರಿಸಿ. ವಿದ್ಯುತ್ ಗರಗಸ ಬೇಡ, ಚಾಕುವಿನಿಂದ ಬೋರ್ಡಿನ ದಪ್ಪದಷ್ಟೇ ಆಳ ಗೀರಿ. ಕೇಬಲನ್ನು ಎತ್ತಿ, ಅಂಚಿಗೆ ಕೂತಿದ್ದ ಜಾಗವನ್ನು ಸುತ್ತ ತಿರುಗಿಸಿ ನೋಡಿ. ಬರೀ ಗುರುತು ಬಿದ್ದಿದ್ದರೆ ಸೀಳಿದ ಗ್ರಾಮೆಟ್ಟನ್ನೋ ಹಲ್ಲಿನ ಪಟ್ಟಿಯನ್ನೋ ತೂತಿಗೆ ಕೂರಿಸಿ. ಒಳಪದರದ ಬಣ್ಣ ಕಾಣುತ್ತಿದ್ದರೆ ಆ ಕೇಬಲ್ ಬೇಡ, ಹೊಸದು ಎಳೆಯಿರಿ. ಹಳೆಯ ಕೇಬಲ್ಲಿಗೆ ಹೊಸದನ್ನು ಕಟ್ಟಿ ಎಳೆಯುವ ಆಸೆಯಾಗುತ್ತದೆ. ಗ್ರಾಮೆಟ್ ಇಲ್ಲದ ತೂತುಗಳಲ್ಲಿ ಹಾಗೆ ಮಾಡಿದರೆ ಹೊಸ ಕೇಬಲ್ಲಿಗೂ ಅದೇ ಗೀರು. ಕೊನೆಗೆ ಮತ್ತೆ ಅಳೆದು, ಕತ್ತರಿಸಿದ ತುಂಡನ್ನೇ ಹಿಂದೆ ಪಟ್ಟಿ ಕೊಟ್ಟು ಕೂರಿಸಿ ಪುಟ್ಟಿ ಮಾಡಿ.

ಪ್ರಶ್ನೆ: ಶಬ್ದ ತಡೆಯಲು ಗೋಡೆಯೊಳಗೆ ಖನಿಜ ಉಣ್ಣೆ (ರಾಕ್‌ವುಲ್‌ನಂಥದ್ದು) ತುಂಬುತ್ತೇವೆ. ಕೆಲವರು ಥರ್ಮೋಕೋಲ್ ಎನ್ನುತ್ತಾರೆ. ಕೇಬಲ್ಲಿಗೆ ತೊಂದರೆಯೇ?

ಉತ್ತರ: ಥರ್ಮೋಕೋಲನ್ನು ಪಿವಿಸಿ ಕೇಬಲ್ಲಿಗೆ ತಾಗಿಸಲೇಬೇಡಿ. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಥರ್ಮೋಕೋಲಿಗೆ ಸೇರಿಹೋಗಿ, ಥರ್ಮೋಕೋಲ್ ಕರಗಿದಂತೆ ಅಂಟಾಗುತ್ತದೆ, ಕೇಬಲ್ ಹೊದಿಕೆ ಬಿರುಸಾಗಿ ಬಿರಿಯುತ್ತದೆ. ಖನಿಜ ಉಣ್ಣೆಯಿಂದ ಆ ತೊಂದರೆಯಿಲ್ಲ, ಆದರೆ ಬಿಸಿ ಹೊರಹೋಗುವುದಿಲ್ಲ. ಬಿಎಸ್ 7671ರ ಪಟ್ಟಿಯಲ್ಲಿ 2.5 ಚದರ ಮಿ.ಮೀ. ಚಪ್ಪಟೆ ಕೇಬಲ್ ಹೊರಬಲ್ಲ ಕರೆಂಟು ಗೋಡೆಯ ಮೇಲೆ ತೆರೆದಿದ್ದರೆ 27 ಆಂಪಿಯರ್, ಸುತ್ತಲೂ ಉಣ್ಣೆ ಆವರಿಸಿದ್ದರೆ 13.5 ಆಂಪಿಯರ್. ಸರಿಯಾಗಿ ಅರ್ಧ. ಗೀಸರ್, ಎಸಿಯಂಥ ಲೋಡ್ ಇದ್ದರೆ ಒಂದು ಅಳತೆ ದಪ್ಪ ಕೇಬಲ್ ಹಾಕಿ, ಅಥವಾ ಕೇಬಲ್ ಒಂದು ಬದಿಯಾದರೂ ಬೋರ್ಡಿಗೆ ತಾಗಿರುವಂತೆ ಉಣ್ಣೆ ಜೋಡಿಸಿ. ಒಂದೇ ತೂತಿನಲ್ಲಿ ಮೂರು ಸರ್ಕ್ಯೂಟ್ ಒಟ್ಟು ಕಟ್ಟಿದರೆ ಆ ಆಂಪಿಯರನ್ನು ಇನ್ನೂ 0.7ರಿಂದ ಗುಣಿಸಿ ಇಳಿಸಬೇಕು.

ಪ್ರಶ್ನೆ: ಮುಂದೆ ಟಿವಿ, ಕಪಾಟು ತೂಗುಹಾಕುವವರಿಗೆ ಕೇಬಲ್ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು?

ಉತ್ತರ: ಅವರು ಊಹಿಸಬಹುದಾದ ದಾರಿಯಲ್ಲೇ ಕೇಬಲ್ ಹಾಕಿ. ಸ್ವಿಚ್ಚು ಅಥವಾ ಸಾಕೆಟ್ಟಿನಿಂದ ನೇರ ಮೇಲೆ ಕೆಳಗೆ ಅಥವಾ ನೇರ ಅಡ್ಡ. ಇಲ್ಲವೇ ಚಾವಣಿಯಿಂದ ಕೆಳಗಿನ 150 ಮಿ.ಮೀ. ಪಟ್ಟಿಯಲ್ಲಿ, ಎರಡು ಗೋಡೆ ಕೂಡುವ ಮೂಲೆಯ 150 ಮಿ.ಮೀ.ಯಲ್ಲಿ. ಓರೆಯಾಗಿ ಎಂದೂ ಒಯ್ಯಬೇಡಿ. ಗೋಡೆಯೊಳಗಿನ ಕೇಬಲ್ ಹುಡುಕುವ ಸಣ್ಣ ಯಂತ್ರಗಳನ್ನು ಲೋಹದ ಸ್ಟಡ್ ಗೋಡೆಯಲ್ಲಿ ನಂಬಿ ಡ್ರಿಲ್ ಮಾಡಬೇಡಿ. ತಗಡಿದ್ದಲ್ಲೆಲ್ಲ ಅವು ಕೂಗುತ್ತವೆ, ಕೆಲವೊಮ್ಮೆ ಕೇಬಲ್ ಇದ್ದಲ್ಲಿ ಸುಮ್ಮನಿರುತ್ತವೆ. ಬೋರ್ಡ್ ಮುಚ್ಚುವ ಮುಂಚೆ ನೆಲದಿಂದ ಮತ್ತು ಮೂಲೆಯಿಂದ ಟೇಪ್ ಹಿಡಿದು, ಅಳತೆ ಕಾಣುವಂತೆ ಪ್ರತಿ ಗೋಡೆಯ ಫೋಟೊ ತೆಗೆದು, ಒಂದು ಪ್ರತಿಯನ್ನು ವಿತರಣಾ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿ. ಟಿವಿ ಬರುವ ಜಾಗ ಈಗಲೇ ಗೊತ್ತಿದ್ದರೆ ಅಲ್ಲಿ ಸ್ಟಡ್‌ಗಳ ನಡುವೆ ಪ್ಲೈವುಡ್ ಹಲಗೆ ಕೂರಿಸಿ, ಕೇಬಲನ್ನು ಆ ಹಲಗೆಯ ಹಿಂದೆ ಹಾಯಿಸದೆ ಪಕ್ಕದಿಂದ ತನ್ನಿ.